ಕಣ್ಣು ಬಿಡಿಸದೆ ಉಳಿದ ಕವಿ

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ನಾನು ರಿಟೈರಾಗಿ ಕಡೂರಿಗೆ ಬಂದಾಗ ಅಲ್ಲಿ ಎಕ್ಕದ ಗಿಡ ಬಿಟ್ಟರೆ ಏನೂ ಇರಲಿಲ್ಲ. ಈಗ ಬೆಳಗಾದರೆ ಮಿಕ್ಸರ್ ಸದ್ದು, ಧೂಳು, ಮೇಸ್ತ್ರಿಯ ಕೂಗಾಟ. ಹೋದ ವಾರ ಎಲ್ಲರಿಗೂ ಮನಸ್ಸಿನಲ್ಲೇ ಶಾಪ ಹಾಕುತ್ತ ಕಿಟಕಿ ಮುಚ್ಚಲು ಹೋದೆ. ಮೇಸ್ತ್ರಿ ಹೊಸ ಕಂಬಗಳಿಗೆ ಗೋಣಿಚೀಲ ಸುತ್ತಿ ಪೈಪಿನಲ್ಲಿ ನೀರು ಬಿಡುತ್ತಿದ್ದ. ಹಸಿ ಸಿಮೆಂಟು, ಅದರ ಮೇಲೆ ನೆನೆದ ಗೋಣಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಿಟಕಿ ಹಿಡಿದ ಕೈ ಹಾಗೇ ನಿಂತಿತು. ನಮ್ಮ ಡ್ರಾಯಿಂಗ್ ಮೇಷ್ಟ್ರು ನೆನಪಾದರು.

ಮೇಷ್ಟ್ರು ನನ್ನ ಗುರುಗಳಲ್ಲ, ಸಹೋದ್ಯೋಗಿ. ತರೀಕೆರೆಯ ಒಂದು ಹೈಸ್ಕೂಲಿಗೆ ನಾನು ಕನ್ನಡ ಟೀಚರಾಗಿ ಹೊಸದಾಗಿ ಸೇರಿದಾಗ ಅವರು ಅಲ್ಲಿ ಹಳಬರು. ಎತ್ತರದ, ತೆಳ್ಳನೆಯ ಆಳು. ಎಲ್ಲರ ಜೇಬಿನಲ್ಲಿ ಪೆನ್ನಿದ್ದರೆ ಅವರ ಜೇಬಿನಲ್ಲಿ ಮೊಂಡು ಪೆನ್ಸಿಲ್. ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರೆಂದರೆ ಎಲ್ಲರಿಗೂ ಅಷ್ಟಕ್ಕಷ್ಟೆ. ಯಾರು ರಜ ಹಾಕಿದರೂ ಅವರ ಪೀರಿಯಡ್ಡಿಗೆ ಇವರನ್ನು ಅಟ್ಟುವುದು, ಸ್ಕೂಲ್ ಡೇ ಬಂದರೆ ಇವರ ಕೈಲಿ ಬ್ಯಾನರ್ ಬರೆಸುವುದು. ಅವರು ಬೇಸರ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ಅವರ ಅಪ್ಪ, ಅಜ್ಜ ಎಲ್ಲ ಗೌರಿ-ಗಣೇಶ ಮಾಡುತ್ತಿದ್ದವರು. ಹಬ್ಬ ಹತ್ತಿರ ಬಂತೆಂದರೆ ಮೇಷ್ಟ್ರ ಉಗುರಿನ ಸಂದಿಯಲ್ಲಿ ಕೆರೆಮಣ್ಣು ಇದ್ದೇ ಇರುತ್ತಿತ್ತು. ಊರಿನ ಅರ್ಧ ಮನೆಗಳಿಗೆ ಅವರದೇ ಗಣೇಶ.

ನಮ್ಮ ಸೀಮೆಗೊಬ್ಬ ಹಳೆಯ ಕವಿ ಇದ್ದ. ಹೆಸರು ಬೇಡ, ಹೇಳಿದರೆ ನಾಳೆ ನಾಲ್ಕು ಜನ ಫೋನು ಮಾಡಿ ಜಗಳಕ್ಕೆ ಬರುತ್ತಾರೆ. ಓದಿದವರೆಲ್ಲ ಪಂಡಿತರು ತಲೆದೂಗುವ ಕನ್ನಡ ಬರೆಯುತ್ತಿದ್ದ ಕಾಲದಲ್ಲಿ ದನ ಕಾಯುವವರ ಮಾತಿನಲ್ಲಿ ಮೊದಲು ಪದ ಕಟ್ಟಿದವನು ಅವನೇ ಎನ್ನುತ್ತಾರೆ. ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿನಲ್ಲಿ ದನದ ಹಿಂದೆ ಅಲೆದು, ಮೀಸೆ ಸರಿಯಾಗಿ ಬಲಿಯುವ ಮೊದಲೇ ತೀರಿಕೊಂಡನಂತೆ. ಅಜ್ಜಂಪುರದ ಹತ್ತಿರ ಒಬ್ಬರ ಮನೆಯ ಅಟ್ಟದಲ್ಲಿ ಸಿಕ್ಕ ಒಂದಿಷ್ಟು ಓಲೆಗರಿಗಳೇ ಅವನ ಆಸ್ತಿ. ಆ ಪದಗಳನ್ನು ಓದಿದರೆ ಒಂದು ವಿಷಯ ಥಟ್ಟನೆ ಹೊಳೆಯುತ್ತದೆ: ಅವನಿಗೆ ಬಣ್ಣದ ಹುಚ್ಚು. ಬೂದು ಬಣ್ಣದ ಹಸು ಬೆಳಗಿನಲ್ಲಿ ಹೇಗೆ ಕಾಣುತ್ತದೆ, ಮಳೆಯಲ್ಲಿ ನೆಂದರೆ ಹೇಗೆ ಕಪ್ಪಾಗುತ್ತದೆ, ಹೋರಿಯ ಹೆಗಲಿನ ಬಣ್ಣ ಹೊಟ್ಟೆಯ ಹತ್ತಿರ ಹೇಗೆ ತಿಳಿಯಾಗುತ್ತದೆ ಎಂದು ಪದದ ಮೇಲೆ ಪದ ಹೇಳುತ್ತಾನೆ. ಇದನ್ನೆಲ್ಲ ನಾನು ಚೆನ್ನಾಗಿ ಓದಿಕೊಂಡಿದ್ದೆ. ಈ ಮಾತು ಇಲ್ಲೇ ಹೇಳಿಬಿಡಬೇಕು, ಆಮೇಲೆ ನನಗೆ ಗೊತ್ತಿರಲಿಲ್ಲ ಅನ್ನುವ ನೆಪ ಉಳಿಯಬಾರದು.

ಊರಿನ ದೊಡ್ಡ ಮನುಷ್ಯರು ನಾಲ್ಕು ಜನ ಸೇರಿ ಪಾರ್ಕಿನಲ್ಲಿ ಕವಿಯ ಪ್ರತಿಮೆ ನಿಲ್ಲಿಸಲು ಸಮಿತಿ ಮಾಡಿದರು. ಸಮಿತಿಯ ಅಧ್ಯಕ್ಷರೇ ನಮ್ಮ ಶಾಲೆಯ ಆಡಳಿತ ಮಂಡಳಿಗೂ ಅಧ್ಯಕ್ಷರು. ಹಾಗಾಗಿ ಪ್ರತಿಮೆಯ ಕೆಲಸ ಡ್ರಾಯಿಂಗ್ ಮೇಷ್ಟ್ರ ತಲೆಗೆ ಬಂತು, ಕವಿಯ ಪರಿಚಯ ಬರೆಯುವುದು, ಸಮಾರಂಭದ ದಿನ ಮೈಕಿನಲ್ಲಿ ನಿರೂಪಣೆ ಮಾಡುವುದು ನನ್ನ ತಲೆಗೆ.

ಅಧ್ಯಕ್ಷರ ಮನಸ್ಸಿನಲ್ಲಿ ಕವಿ ಆಗಲೇ ತಯಾರಾಗಿದ್ದ. "ಒಳ್ಳೆ ಗಡ್ಡ ಇರ್ಲಿ ಮೇಷ್ಟ್ರೇ, ಮೇಲೊಂದು ಶಾಲು. ಕವಿ ಅಂತ ಗೊತ್ತಾಗ್ಬೇಕಲ್ಲ ಜನಕ್ಕೆ."

"ಗಡ್ಡ ಬರೋದ್ರೊಳಗೇ ಹೋಗ್ಬಿಟ್ಟವ್ರೆ ಪಾಪ, ಎಲ್ಲಿಂದ ತರ್ಲಿ ಸ್ವಾಮಿ?" ಎಂದರು ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಪುಸ್ತಕ ಅಡ್ಡ ಹಿಡಿದು ನಕ್ಕೆವು. ಯಾವತ್ತೂ ಎದುರಾಡದ ಮನುಷ್ಯ ಆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದುಬಿಟ್ಟರು. ಕೊನೆಗೆ ಅಧ್ಯಕ್ಷರೇ ಸೋತು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ನಡೆಯುತ್ತ ನಡೆಯುತ್ತ ಒಂದು ಗಳಿಗೆ ನಿಂತು ದೂರ ನೋಡುವ ಹುಡುಗುಮುಖದ ಕವಿಗೆ ಒಪ್ಪಿಕೊಂಡರು.

ಆಮೇಲೆ ನಾಲ್ಕೈದು ತಿಂಗಳು ಭಾನುವಾರ ಬಂದರೆ ಮೇಷ್ಟ್ರು ಎಮ್ಮೆದೊಡ್ಡಿ ಬಸ್ಸು ಹತ್ತುತ್ತಿದ್ದರು. ಕಾವಲಿನಲ್ಲಿ ದನ ಮೇಯಿಸುವವರ ಜೊತೆ ಬಿಸಿಲಿನಲ್ಲಿ ಕೂತು ಚಿತ್ರ ಬರೆದುಕೊಂಡು ಬರುತ್ತಿದ್ದರು. ಒಮ್ಮೆ ಆ ಡ್ರಾಯಿಂಗ್ ಪುಸ್ತಕ ನನಗೆ ತೋರಿಸಿದರು. ಮುಖಗಳಿರಬಹುದು ಎಂದುಕೊಂಡಿದ್ದೆ. ನೋಡಿದರೆ ಪುಟ ತುಂಬ ಬರೀ ಕಣ್ಣು! ಬಿಸಿಲಿಗೆ ಕಿರಿದಾದ ಕಣ್ಣು, ತಪ್ಪಿಸಿಕೊಂಡ ಕರುವನ್ನು ಹುಡುಕುವ ಕಣ್ಣು, ಸುಮ್ಮನೆ ಕೂತವರ ಕಣ್ಣು. "ದನ ಕಾಯೋರ ಕಣ್ಣು ಬೇರೆ ಟೀಚರ್, ಹತ್ರದ್ದು ನೋಡುವಾಗ್ಲೂ ದೂರಕ್ಕೇ ಇರ್ತದೆ. ಅದೊಂದು ಬಂದ್ಬಿಟ್ರೆ ಕವಿ ಬಂದಂಗೇ," ಎಂದಿದ್ದರು. ಅಷ್ಟು ಸಂತೋಷವಾಗಿದ್ದ ಮೇಷ್ಟ್ರನ್ನು ಮತ್ತೆ ನಾನು ನೋಡಿದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

ಪಾರ್ಕಿನಲ್ಲಿ ಕಟ್ಟೆಯ ಸುತ್ತ ತೆಂಗಿನ ಗರಿಯ ಮರೆ ಕಟ್ಟಿಕೊಂಡು ಕೆಲಸ ಶುರು ಮಾಡಿದರು. ಕಬ್ಬಿಣದ ಕಂಬಿ, ಅದಕ್ಕೆ ಜಾಲರಿ, ಅದರ ಮೇಲೆ ಒಂದೊಂದೇ ಪದರ ಸಿಮೆಂಟು. ಪ್ರತಿ ಪದರಕ್ಕೂ ನೆನೆಸಿದ ಗೋಣಿ ಹೊದಿಸಿ ನೀರು ಹೊಡೆಯುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ, ಮನೆಗೆ ಹೋಗುವ ಅಜ್ಜಂಪುರದ ಬಸ್ಸಿಗೆ ಇನ್ನೂ ಹೊತ್ತಿದ್ದರೆ ನಾನು ಹೋಗಿ ನೋಡಿ ಬರುತ್ತಿದ್ದೆ. ಕಾಲು ಬಂತು, ಕಂಬಳಿಯ ನೆರಿಗೆ ಬಂತು, ಕೋಲು ಹಿಡಿದ ಬೆರಳು ಬಂತು. ಮುಖಕ್ಕೆ ಮಾತ್ರ ಒದ್ದೆ ಬಟ್ಟೆ. ಅವರ ಮನೆತನದ ಪದ್ಧತಿ ಅದು. ಮೂರ್ತಿ ಯಾವುದೇ ಇರಲಿ, ಎಲ್ಲ ಕೆಲಸ ಮುಗಿದ ಮೇಲೆ ಒಂದು ಒಳ್ಳೆಯ ದಿನ ನೋಡಿ, ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ ಕೂತು ಕಣ್ಣು ಬಿಡಿಸಬೇಕು. ಅಲ್ಲಿಯವರೆಗೆ ಮುಖವನ್ನು ಯಾರೂ ನೋಡುವ ಹಾಗಿಲ್ಲ. "ಕವಿ ಏನು ದೇವರಾ ಮೇಷ್ಟ್ರೇ?" ಎಂದು ನಾನು ರೇಗಿಸಿದರೆ, "ಮಾಡೋ ಕೈ ಒಂದೇ ಅಲ್ವಾ ಟೀಚರ್," ಎನ್ನುತ್ತಿದ್ದರು.

ಆ ಒಳ್ಳೆಯ ದಿನ ಇನ್ನೂ ಮೂರು ದಿನ ಇದೆ ಎನ್ನುವಾಗ ಅಧ್ಯಕ್ಷರ ಜೀಪು ಬಂತು. ಮಂತ್ರಿಗಳು ನಾಳೆ ಕೆಮ್ಮಣ್ಣುಗುಂಡಿಗೆ ಹೋಗುವವರಿದ್ದಾರೆ, ದಾರಿಯಲ್ಲಿ ಪ್ರತಿಮೆ ಅನಾವರಣ ಮಾಡಿ ಹೋಗಲು ಒಪ್ಪಿದ್ದಾರೆ, ನಾಳೆಯೇ ಸಮಾರಂಭ! ಮೇಷ್ಟ್ರು ಕಣ್ಣಿನ ಕೆಲಸ ಬಾಕಿ ಇದೆ ಎಂದರು. ಅಧ್ಯಕ್ಷರು, "ಇವತ್ತೇ ಮುಗಿಸ್ಬಿಡಿ, ಎರಡು ಕಣ್ಣು ಕೆತ್ತೋಕೆ ಎಷ್ಟೊತ್ತು?" ಎಂದರು. ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಕಣ್ಣಿಗೆ ಉಳಿ ಮುಟ್ಟಿಸುವುದು ಅವರ ಮನೆಯಲ್ಲಿ ಯಾವ ಕಾಲಕ್ಕೂ ಇಲ್ಲ. ಆಗಲ್ಲ ಎಂದುಬಿಟ್ಟರು. "ಹಂಗಾದ್ರೆ ಬಿಡಿ, ದೊಡ್ಡ ಹಾರ ಹಾಕ್ಸಿದ್ರೆ ದೂರದಿಂದ ಯಾರಿಗೆ ಕಾಣುತ್ತೆ? ಆಮೇಲೆ ಮಾಡ್ಕೊಳಿ," ಎಂದು ಅಧ್ಯಕ್ಷರು ಜೀಪು ಹತ್ತಿದರು. ಆಮೇಲೆ ಮಾಡಿಕೊಳ್ಳಬಹುದಲ್ಲ ಎಂದು ಮೇಷ್ಟ್ರೂ ಸಮಾಧಾನ ತಂದುಕೊಂಡರು. ಅಲ್ಲೇ ಅವರು ಎಡವಿದ್ದು. ಆ ಅಮಾವಾಸ್ಯೆಯನ್ನು ಒಂದು ದಿನ ಮರೆತಿದ್ದರೆ... ಹಾಗೆ ಹೇಳುವುದಕ್ಕೆ ನನಗೇನು ಬಾಯಿದೆ? ದೊಡ್ಡ ತಪ್ಪು ಮಾಡಿದವಳು ನಾನು.

ಮರುದಿನ ಪಾರ್ಕು ಕಿಕ್ಕಿರಿದು ತುಂಬಿತ್ತು. ನಾನು ಹೊಸ ಮೈಸೂರು ಸಿಲ್ಕ್ ಉಟ್ಟು ಮೈಕು ಹಿಡಿದಿದ್ದೆ. ಮಂತ್ರಿಗಳು ದಾರ ಎಳೆದರು, ಬಟ್ಟೆ ಜಾರಿತು. ಹಾರ ಎಷ್ಟು ದೊಡ್ಡದಾದರೇನು, ಕುತ್ತಿಗೆಗೆ ತಾನೇ ಬೀಳುವುದು. ಹುಬ್ಬಿನ ಕೆಳಗೆ ಎರಡು ನುಣುಪಾದ ಗುಡ್ಡೆ, ಅಷ್ಟೆ. ರೆಪ್ಪೆಯಿಲ್ಲ, ಪಾಪೆಯಿಲ್ಲ. ಚಪ್ಪಾಳೆ ಶುರುವಾದದ್ದು ಅರ್ಧಕ್ಕೇ ನಿಂತಿತು. ಮಂತ್ರಿಗಳು ಪ್ರತಿಮೆಯನ್ನೇ ನೋಡುತ್ತ, "ಏನ್ರೀ, ಕವಿಗಳಿಗೆ ಕಣ್ಣಿರ್ಲಿಲ್ವೇ?" ಎಂದರು.

ಅಧ್ಯಕ್ಷರು ನನ್ನತ್ತ ತಿರುಗಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದು ಅವರ ಕೈಯಲ್ಲಿತ್ತು. ಹೆದರಿದೆ, ನಿಜ. ಆದರೆ ಬರೀ ಹೆದರಿಕೆ ಎಂದರೆ ಸುಳ್ಳಾಗುತ್ತದೆ. ಬಾಯಲ್ಲೊಂದು ಚೆಂದದ ಮಾತು ಆಗಲೇ ಬಂದು ಕೂತಿತ್ತು, ಅದನ್ನು ನುಂಗಿಕೊಳ್ಳಲು ಮನಸ್ಸಾಗಲಿಲ್ಲ. "ಹೌದು, ಹುಟ್ಟು ಕುರುಡರಾದರೂ ಒಳಗಣ್ಣಿನಿಂದ ಇಡೀ ಕಾವಲನ್ನು ಕಂಡು ಹಾಡಿದ ಮಹಾಕವಿ ನಮ್ಮವರು!" ಎಂದು ಮೈಕಿನಲ್ಲಿ ಹೇಳಿಬಿಟ್ಟೆ. ಅಯ್ಯೋ, ಆ ಚಪ್ಪಾಳೆ! ಮಂತ್ರಿಗಳು ಕಣ್ಣೊರೆಸಿಕೊಂಡು ತಮ್ಮ ಮೈಮೇಲಿನ ಶಾಲನ್ನೇ ತೆಗೆದು ಪ್ರತಿಮೆಯ ಹೆಗಲಿಗೆ ಹಾಕಿಸಿದರು. ನಾನು ತಲೆಯೆತ್ತಿ ನೋಡಿದಾಗ ಮೇಷ್ಟ್ರು ಜನರ ಹಿಂದೆ ಹೊಂಗೆ ಮರದ ಹತ್ತಿರ ನಿಂತಿದ್ದರು. ಚಪ್ಪಾಳೆ ತಟ್ಟುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೊರಟುಹೋದರು.

ಒಂದು ವಾರ ಬಿಟ್ಟು ಬಂದು, "ಟೀಚರ್, ಕಣ್ಣು ಬಿಡಿಸ್ಬಿಡ್ತೀನಿ, ಅಧ್ಯಕ್ಷರಿಗೊಂದು ಮಾತು ಹೇಳಿ," ಎಂದರು. ಇಬ್ಬರೂ ಹೋದೆವು. ಅಷ್ಟರಲ್ಲಿ ಪೇಪರಿನವರು ಕುರುಡು ಕವಿ ಎಂದು ಬರೆದಾಗಿತ್ತು. ಅಧ್ಯಕ್ಷರು, "ಈಗ ಕಣ್ಣಿಟ್ರೆ ಮಂತ್ರಿಗಳ ಮರ್ಯಾದೆ ಏನಾಗ್ಬೇಕ್ರೀ? ಟೀಚರೇ ಮೈಕಲ್ಲಿ ಹೇಳಿದ್ದು. ತಪ್ಪಾಯ್ತು ಅಂತ ಮೈಕಲ್ಲೇ ಅವರು ಹೇಳ್ಲಿ, ಆಮೇಲೆ ಕಣ್ಣಾದ್ರೂ ಇಡಿ, ಮೂಗಾದ್ರೂ ಇಡಿ," ಎಂದರು. ಹೊರಗೆ ಬಂದ ಮೇಲೆ ಮೇಷ್ಟ್ರು ನನ್ನ ಮುಖ ನೋಡಿದರು. ನಾನು, "ಮುಂದಿನ ವರ್ಷ ಕವಿಯ ಜಯಂತಿ ಮಾಡ್ತಾರಲ್ಲ ಸಾರ್, ಆಗ ಹೇಳ್ತೀನಿ," ಎಂದೆ.

ಆ ವರ್ಷ ಗಣೇಶನ ಹಬ್ಬಕ್ಕೆ ಮೇಷ್ಟ್ರ ಮನೆಯಲ್ಲಿ ಗಣೇಶ ಮಾಡಲಿಲ್ಲ. ಕೇಳಿದವರಿಗೆಲ್ಲ ಬೆರಳು ನೋವು ಎನ್ನುತ್ತಿದ್ದರು. ನಿಜ ಸಂಗತಿ ನನಗೆ ಹೇಳಿದವರು ಅವರ ಮನೆಯವರು. ಒಂದು ಮೂರ್ತಿಗೆ ಕಣ್ಣು ಬಾಕಿ ಉಳಿಸಿ ಇನ್ನೊಂದಕ್ಕೆ ಮಣ್ಣು ಕಲಸಬಾರದು ಎಂದು ಆಕೆಯ ಮಾವ, ಅಂದರೆ ಮೇಷ್ಟ್ರ ಅಪ್ಪ, ಹೇಳುತ್ತಿದ್ದರಂತೆ. "ಅಟ್ಟದ ಮೇಲೆ ಅಚ್ಚುಗಳೆಲ್ಲ ಹಂಗೇ ಬಿದ್ದವೆ ಕಣಮ್ಮಾ, ಇವ್ರು ಅತ್ಲಾಗಿ ತಿರುಗೂ ನೋಡಲ್ಲ," ಎಂದು ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಎಷ್ಟೋ ತಲೆಮಾರಿನಿಂದ ನಡೆದು ಬಂದ ಕೆಲಸ ನನ್ನ ಒಂದು ಮಾತಿಗೆ ನಿಂತುಹೋಗಿತ್ತು. ಒಂದು ಮಾತು ಹೇಳಿದರೆ ಮತ್ತೆ ಶುರುವಾಗುತ್ತಿತ್ತು.

ಹೇಳಿದೆನಾ? ಇಲ್ಲ. ನಾನಾಗಲೇ ಕುರುಡು ಕವಿಯ ಮೇಲೆ ಲೇಖನ ಬರೆದಿದ್ದೆ. ಕಡೂರಿನಲ್ಲಿ ಭಾಷಣ, ಚಿಕ್ಕಮಗಳೂರಿನಲ್ಲಿ ಉಪನ್ಯಾಸ. ಹುಟ್ಟು ಕುರುಡನಿಗೆ ಹಸುವಿನ ಬಣ್ಣ ಹೇಗೆ ತಿಳಿಯಿತು ಎಂದು ಯಾರೋ ಒಬ್ಬರು ಎದ್ದು ಕೇಳಿದರೆ, ಅದೇ ಅವರ ಪ್ರತಿಭೆ ಎಂದು ಕಣ್ಣರಳಿಸಿ ಹೇಳಿ ಅದಕ್ಕೂ ಚಪ್ಪಾಳೆ ಗಿಟ್ಟಿಸಿದ ಗಟ್ಟಿಗಿತ್ತಿ ನಾನು. ಕೆಲಸ ಕಾಯಂ ಆಯಿತು. ಮಕ್ಕಳು ಪ್ರಬಂಧ ಸ್ಪರ್ಧೆಯಲ್ಲಿ ನನ್ನ ಸುಳ್ಳನ್ನೇ ಬರೆದು ಬಹುಮಾನ ತಂದರು. ತಪ್ಪು ಎಂದು ನಾನು ಹೇಗೆ ಗೀಟು ಹಾಕಲಿ?

ಎರಡನೆಯ ಜಯಂತಿಗೋ ಮೂರನೆಯದಕ್ಕೋ ಸರಿಯಾಗಿ ನೆನಪಿಲ್ಲ... ಶಾಲೆಯ ಕುರ್ಚಿಗಳಿಗೆ ಬೆತ್ತ ಹೆಣೆಯಲು ಅಜ್ಜಂಪುರದಿಂದ ಒಬ್ಬ ಸಾಹೇಬರು ಬಂದಿದ್ದರು. ಅವರಿಗೆ ಎರಡೂ ಕಣ್ಣಿರಲಿಲ್ಲ. ಬೆರಳಿನಲ್ಲೇ ನೋಡಿಕೊಂಡು ಹೆಣೆಯುತ್ತಿದ್ದರೆ ಕಣ್ಣಿದ್ದವರು ನಾಚಬೇಕು, ಅಷ್ಟು ಅಚ್ಚುಕಟ್ಟು. ಕವಿಯ ವಿಷಯ ಕೇಳಿ, "ನನ್ನಂಗೇ ಅಂತಲ್ಲ ಟೀಚರಮ್ಮ, ಒಂದ್ಸಲ ಮುಟ್ಟಿ ನೋಡ್ಬೇಕು," ಎಂದರು. ಅವತ್ತೇ ಜಯಂತಿ, ಪಾರ್ಕಿನಲ್ಲಿ ಹಾರ ಹಾಕಲು ಏಣಿ ತಂದಿಟ್ಟಿದ್ದರು. ಮೇಷ್ಟ್ರೇ ಅವರ ಕೈ ಹಿಡಿದು ಹತ್ತಿಸಿ, ಕೆಳಗೆ ಏಣಿ ಹಿಡಿದು ನಿಂತರು. ನಾನು ಪಕ್ಕದಲ್ಲೇ ಇದ್ದೆ.

ಸಾಹೇಬರ ಬೆರಳು ಕೂದಲು, ಹಣೆ, ಹುಬ್ಬು ಮುಟ್ಟುತ್ತ ಬಂದು ಕಣ್ಣಿನ ಜಾಗದಲ್ಲಿ ನಿಂತಿತು. ಕಣ್ಣಿನ ತುದಿಯ ಗೆರೆಗಳ ಮೇಲೆ ಎರಡೆರಡು ಸಲ ಆಡಿತು. ಆಮೇಲೆ ಮೇಲಿನಿಂದಲೇ, "ಇದು ಕಣ್ಣಿಲ್ದೋರ ಮುಖ ಅಲ್ಲ ಮೇಷ್ಟ್ರೇ. ನನ್ ಮುಖ ನನಗ್ಗೊತ್ತಿಲ್ವಾ? ಇವ್ರು ಬಿಸ್ಲಲ್ಲಿ ನಿಂತು ಏನೋ ದೂರ ನೋಡ್ತಾವ್ರೆ, ಅದ್ಕೇ ಹುಬ್ಬು ಹಿಂಗೆ ಕೂಡೈತೆ. ನೀವು ಕೆಲ್ಸ ಅರ್ಧಕ್ಕೆ ಬಿಟ್ಟಿದ್ದೀರಿ," ಎಂದರು.

ಮೇಷ್ಟ್ರು ನಕ್ಕುಬಿಟ್ಟರು. ಏಣಿಯನ್ನು ಅಪ್ಪಿ ಹಿಡಿದು ಜೋರಾಗಿ ನಕ್ಕರು, ನಗುನಗುತ್ತ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಇಷ್ಟು ವರ್ಷದಲ್ಲಿ ಆ ಪ್ರತಿಮೆಯನ್ನು ಸರಿಯಾಗಿ ನೋಡಿದವರು ಆ ಸಾಹೇಬರೊಬ್ಬರೇ. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ ಮೆಲ್ಲಗೆ, "ಇವತ್ತು ಹೇಳ್ತೀರಾ ಟೀಚರ್?" ಎಂದರು. ಹೇಳುತ್ತೇನೆ ಎಂದು ತಲೆಯಾಡಿಸಿದೆ. ಅರ್ಧ ಗಂಟೆ ಬಿಟ್ಟು ಮೈಕಿನ ಮುಂದೆ ನಿಂತೆ. ಮೊದಲ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಜಿಲ್ಲೆಯಿಂದ ಬಂದ ಅತಿಥಿಗಳು. ಬಾಯಿ ತೆರೆದರೆ ಅದೇ ಒಳಗಣ್ಣು, ಅದೇ ಮಹಾಕವಿ... ಹಳೆಯ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಕೆಳಗಿಳಿದೆ. ಸಾಹೇಬರು ಬೆತ್ತದ ಕಟ್ಟು ಹೆಗಲಿಗೇರಿಸಿಕೊಂಡು ಹೊರಟರು. ಮೇಷ್ಟ್ರು ಅವರನ್ನು ಬಸ್ಸು ಹತ್ತಿಸಿ ಬರಲು ಹೋದರು. ಹೋಗುವಾಗ ನನ್ನನ್ನು ನೋಡಲಿಲ್ಲ.

ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೊದಲಿನ ಹಾಗೇ "ಬನ್ನಿ ಟೀಚರ್, ಕಾಫಿ ಬಂತು," ಎಂದು ಕರೆಯುತ್ತಿದ್ದರು. ನನ್ನ ತರಗತಿಯ ಬೋರ್ಡಿನ ಮೇಲೆ ಹಬ್ಬಕ್ಕೆ ಚೆಂದದ ಅಕ್ಷರ ಬರೆದುಕೊಡುತ್ತಿದ್ದರು. ಆದರೆ ಪಾರ್ಕಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ನೋಡುತ್ತಿದ್ದೆ. ಪ್ರತಿ ವರ್ಷ ಈ ಸಲ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅವರು ರಿಟೈರಾದರು, ಹಾಸಿಗೆ ಹಿಡಿದರು. ನೋಡಲು ಹೋದಾಗ ಹೊದಿಕೆಯ ಮೇಲೆ ಅವರ ತೋರುಬೆರಳು ಸುಮ್ಮನೆ ಆಡುತ್ತಿತ್ತು, ಮೊದಲು ಮೇಲಿನ ರೆಪ್ಪೆ, ಆಮೇಲೆ ಕೆಳಗಿನದು. ನಾನು ಕಿತ್ತಳೆ ಹಣ್ಣು ಸುಲಿಯುತ್ತ ಕೂತಿದ್ದೆ. ಈ ಜಯಂತಿಗೆ ಖಂಡಿತ ಹೇಳ್ತೀನಿ ಸಾರ್ ಎಂದೆ. "ಹೂಂ ಟೀಚರ್," ಎಂದರು. ಜಯಂತಿಯವರೆಗೆ ಅವರು ಉಳಿಯಲಿಲ್ಲ. ಶಾಲೆಯಲ್ಲಿ ಸಂತಾಪ ಸಭೆ ನಡೆಯಿತು, ನಾನೇ ಮಾತನಾಡಿದೆ. ಮೇಷ್ಟ್ರು ಎಷ್ಟು ಸರಳ, ಎಷ್ಟು ಸಜ್ಜನ ಎಂದೆಲ್ಲ ಹೇಳಿದೆ. ಹೇಳಬೇಕಾದ ಒಂದನ್ನು ಅವತ್ತೂ ಹೇಳಲಿಲ್ಲ.

ಈಗ ಅಧ್ಯಕ್ಷರೂ ಇಲ್ಲ. ಹೊಸ ಸಮಿತಿಯ ಹುಡುಗರು ಮೊನ್ನೆ, ಆ ಗೋಣಿಯ ವಾಸನೆ ಬಡಿದ ಎರಡು ದಿನಕ್ಕೇ, ನನ್ನನ್ನು ಹುಡುಕಿಕೊಂಡು ಕಡೂರಿಗೆ ಬಂದಿದ್ದರು. ಸಿಮೆಂಟಿನ ಪ್ರತಿಮೆ ಬಿರುಕು ಬಿಟ್ಟಿದೆಯಂತೆ. ಅದನ್ನು ತೆಗೆದು ಕಂಚಿನದು ನಿಲ್ಲಿಸುತ್ತಾರಂತೆ. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದರು. ಗಡ್ಡ, ಶಾಲು, ಮುಚ್ಚಿದ ಕಣ್ಣು. ಕೆಳಗಿನ ಫಲಕಕ್ಕೆ ನಾಲ್ಕು ಸಾಲು ಬರೆದುಕೊಡಿ ಮೇಡಂ ಎಂದರು.

ಕಾಫಿ ಕೊಟ್ಟು, ಎದುರಿಗೆ ಕೂತು, ಎಲ್ಲವನ್ನೂ ಹೇಳಿದೆ. ಮೂರು ದಿನ, ಅಮಾವಾಸ್ಯೆ, ಮೈಕು, ಮೇಷ್ಟ್ರು. ನಿಂತುಹೋದ ಗಣೇಶ. ಕವಿಗೆ ಕಣ್ಣಿದ್ದವು ಕಣಪ್ಪಾ, ಸುಳ್ಳು ಹೇಳಿದವಳು ನಾನು ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಕನ್ನಡ ಲೆಕ್ಚರರ್, ಒಳ್ಳೆಯ ಹುಡುಗ, ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದು ನನ್ನ ಮುಂದಿಟ್ಟ. ನನ್ನದೇ ಹಳೆಯ ಲೇಖನ. ಹಸುವಿನ ಬಣ್ಣ ಹುಟ್ಟು ಕುರುಡನಿಗೆ ಹೇಗೆ ತಿಳಿಯಿತೆಂದು ನಾನು ಎರಡು ಪುಟ ವಿವರಿಸಿದ್ದೆ. "ನಿಮ್ಮ ಈ ಲೇಖನ ಓದೇ ನಾನು ಕನ್ನಡ ಎಂ.ಎ. ಮಾಡಿದ್ದು ಮೇಡಂ. ಇದಕ್ಕಿಂತ ಆಧಾರ ಬೇಕಾ?" ಎಂದ. ಇನ್ನೊಬ್ಬ ಏಳುತ್ತ, "ರೆಸ್ಟ್ ತಗೊಳ್ಳಿ ಮೇಡಂ, ವಯಸ್ಸಾದ ಮೇಲೆ ಹಿಂಗೆಲ್ಲ ಅನ್ಸುತ್ತೆ," ಎಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಳೆಯ ಪ್ರತಿಮೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಒಡೆದು ತೆಗೆಯಬೇಕು ಮೇಡಂ, ಕಂಬಿ ಗಟ್ಟಿಯಾಗಿದೆ, ಎರಡು ದಿನದ ಕೆಲಸ ಎಂದರು.

ಅವರು ಹೋದ ಮೇಲೆ ಕೂತು ಇದನ್ನು ಬರೆದಿದ್ದೇನೆ. ಯಾರು ನಂಬುತ್ತಾರೋ ಬಿಡುತ್ತಾರೋ. ಮೇಷ್ಟ್ರೇ, ನೀವು ಬದುಕಿದ್ದಾಗ ನಾನು ಮೈಕಿನಲ್ಲಿ ಒಂದು ಮಾತು ಹೇಳಿದ್ದರೆ ಊರೆಲ್ಲ ನಂಬುತ್ತಿತ್ತು, ನೀವು ತಲೆಗೆ ಸ್ನಾನ ಮಾಡಿಕೊಂಡು ಏಣಿ ಹತ್ತುತ್ತಿದ್ದಿರಿ. ಈಗ ಹೇಳಿದರೆ ನನ್ನ ಮಾತನ್ನು ನನ್ನ ಬರಹವೇ ಸುಳ್ಳು ಮಾಡುತ್ತದೆ.